ಬಂಗುಡೆ ಬಂದ ವಾರ

ಬೈತಕೋಲಿನಲ್ಲಿ ಬಂಗುಡೆಗೆ ಏನು ದರವೆಂದು
ನಾನು ಬಂದರಿಗೆ ಹೋಗಿ ಕೇಳುವುದಿಲ್ಲ.
ಕ್ಯಾಜುವಲ್ಟಿಯ ಕಿಟಕಿಯ ಹಿಂದೆ
ನೀಲಿ ರಟ್ಟಿನ ರಿಜಿಸ್ಟರು ಬಿಚ್ಚಿ ಕೂತರೆ ಸಾಕು,
ರಾತ್ರಿ ಹನ್ನೊಂದರ ಮೇಲೆ ತಾನಾಗಿ ತಿಳಿಯುತ್ತದೆ.

ದರ ಏರಿದ ವಾರ
ಮೊಣಕಾಲ ಚಿಪ್ಪು, ತೊಡೆಯ ಎಲುಬು, ದವಡೆ.
ಕಂತಿನ ಬೈಕು, ಸೀಟಿನ ಪ್ಲಾಸ್ಟಿಕ್ಕು ಇನ್ನೂ ಹರಿದಿಲ್ಲ,
ನಂಬರಿನ ಜಾಗದಲ್ಲಿ ಪೂಜೆಯ ಕುಂಕುಮ,
ಹೆಲ್ಮೆಟ್ಟು ಮನೆಯ ಮೊಳೆಯಲ್ಲಿ.

ಹಿಂದೆ ಅದಿರು ಓಡುವ ಕಾಲಕ್ಕೆ
ಇದೇ ಕುರ್ಚಿಯಲ್ಲಿದ್ದ ಗೋಕುಲದಾಸ ರಾಯ್ಕರರು
ಹೇಳುತ್ತಿದ್ದರು: "ಲಾರಿ ಮಾಲಕರಿಗೆ ಮಾಳಿಗೆ ಎದ್ದ ಹಾಗೆ
ನಮಗೆ ಪುಟ ತುಂಬಿತು ಮಾರಾಯ.
ಮೂರು ತಿಂಗಳಿಗೊಂದು ರಿಜಿಸ್ಟರು ತರಿಸಿದೆ.
ಅದಿರು ನಿಂತಿತು ನೋಡು,
ಒಂದೇ ಪುಸ್ತಕ ಒಂದೂವರೆ ವರ್ಷ ಬಂತು."
ಆ ಪುಟಗಳು ಕಪಾಟಿನ ತಳದಲ್ಲಿವೆ.
ಗೆದ್ದಲು ಅಲ್ಲಿಗೂ ಬಂದಿದೆ.

ಹೋದ ದಸರೆಯ ಮುಂಚೆ ಒಂದು ರಾತ್ರಿ
ಮಾಜಾಳಿಯ ತಿರುವಿನಿಂದ ರಿಕ್ಷಾದಲ್ಲಿ ತಂದರು.
ಹೆಸರು: ನಿತೇಶ ಹರಿಕಂತ್ರ.
ವಯಸ್ಸು: ಇಪ್ಪತ್ತೆರಡು.
ಉದ್ಯೋಗ: ಬೋಟು.
ತಲೆಯೊಳಗೆ ರಕ್ತ ಎಂದರು ಡಾಕ್ಟರು,
ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು.
ತಲೆ ತೆರೆಯುವ ಕೈ ಆ ರಾತ್ರಿ ಇಲ್ಲಿರಲಿಲ್ಲ.
ತೆಂಕಕ್ಕೆ ಮಣಿಪಾಲ, ನಾಲ್ಕು ತಾಸು.
ಬಡಗಕ್ಕೆ, ದಾಟಿ ಬಂದ ಕಾಳಿಯನ್ನೇ ಮತ್ತೆ ದಾಟಿ
ಅವನು ಬಿದ್ದ ತಿರುವನ್ನೇ ಹಾದು, ಗೋವೆ.
ಹತ್ತಿರವೇ. ಆದರೆ ಬೇರೆ ರಾಜ್ಯ, ಬೇರೆ ಕಾರ್ಡು.

ಬಂಗಾರದ ಗಂಟೆ ಎನ್ನುತ್ತಾರೆ, ಮೊದಲ ಒಂದು ಗಂಟೆಗೆ.
ಸರಕಾರಿ ಗಾಡಿ ಅಂಕೋಲೆಗೆ ಹೋಗಿತ್ತು.
ಅವನ ಅವ್ವ, ಮೊಣಕೈಯಲ್ಲಿ ಮೀನಿನ ಹುರುಪೆ ಹೊಳೆಯುತ್ತ,
ಕಿಟಕಿಗೆ ಬಾಗಿ ಕೇಳಿದ್ದು ಇಷ್ಟೇ:
"ಡೀಜೆಲ್ ದುಡ್ಡು ಮೊದ್ಲೇ ಕೊಡ್ಬೇಕಾ?"
ವಾರದ ದುಡಿಮೆಯೆಲ್ಲ ಶೋರೂಮಿಗೆ ಮುಂಗಡ ಹೋಗಿತ್ತು.
ಬೋಟಿನ ತಾಂಡೇಲರ ಫೋನು ಹತ್ತಲಿಲ್ಲ.
ಅವಳು ಕಿವಿಯ ಬೆಂಡೋಲೆಗೆ ಕೈ ಹಾಕಿದಳು.
ಮದುವೆಯಲ್ಲಿ ಹಾಕಿದ್ದು, ತಿರುಪು ಉಪ್ಪಿಗೆ ಬಿಗಿದು ಕೂತಿತ್ತು.
ಸಿಸ್ಟರು ಎಣ್ಣೆ ಬಿಟ್ಟರು. ಕಿವಿ ಕೆಂಪಾಯಿತು.
ನಾನು ಗೋಡೆಯ ಗಡಿಯಾರ ನೋಡಲಿಲ್ಲ.

ಗಾಡಿ ಹೊರಟ ಮೇಲೆ ಬರೆದೆ: ರೆಫರ್ಡ್.
ಆಚೆಗೇನಾಯಿತೆಂದು ಬರೆಯಲು
ಈ ಪುಸ್ತಕದಲ್ಲಿ ಜಾಗವಿಲ್ಲ.
'ಕಾರಣ' ಎಂಬಲ್ಲಿ: ಸ್ಕಿಡ್.

ಜೂನಿನಲ್ಲಿ ಬೋಟುಗಳು ದಡ ಹತ್ತಿ
ಟಾರ್ಪಾಲು ಹೊದ್ದು ಮಲಗುತ್ತವೆ.
ಸ್ಟ್ರೆಚರಿನ ಮೇಲೆ ಬೆಕ್ಕು.
ಹೊಸ ಡಾಕ್ಟರಮ್ಮ, ಬೀದರ ಕಡೆಯವರು,
"ನಿಮ್ಮೂರು ಭಾಳ ಶಾಂತ ಅದ ನೋಡ್ರಿ" ಎಂದರು.
ನಾನು ಪುಟ ತಿರುಗಿಸಿ ತೋರಿಸಿದೆ:
ಬಿದ್ದದ್ದು ಸೋಮವಾರ. ಬಂದದ್ದು ಶುಕ್ರವಾರ.
ಮಂಕಾಳಿ ಅಂಬಿಗ, ಬೆಳಚು ಹೆಕ್ಕುವಾಗ ಬಂಡೆಯಿಂದ, ಸೊಂಟ.
ನಾಲ್ಕು ದಿನ ಅರಿಶಿನ, ಬಿದಿರ ಪಟ್ಟಿ.
"ಬಸ್ಸು ಪುಕ್ಕಟೆ ಅಲ್ಲೇನವ್ವ?" ಕೇಳಿದರು ಡಾಕ್ಟರಮ್ಮ.
"ನಂಗೆ ಪುಕ್ಕಟೆ ಹೌದು," ಅಂದಳು ಮಂಕಾಳಿ,
"ನನ್ನ ಎತ್ಕಂಡು ಬಪ್ಪೂ ಗಂಡಸ್ರಿಗೆ?"

ಡಾಕ್ಟರಮ್ಮ ಆಮೇಲೆ ಶಾಂತ ಅನ್ನಲಿಲ್ಲ.

ನನಗೂ ಗುತ್ತಿಗೆಯ ಏಜೆನ್ಸಿ
ಮೂರು ತಿಂಗಳಿನಿಂದ ಕೊಟ್ಟಿರಲಿಲ್ಲ.
ಸ್ಕೂಟರು ಕೋಡಿಬಾಗದ ಜಗಲಿಯಲ್ಲೇ ನಿಂತು
ಕೋಳಿ ಅದರ ಮೇಲೆ ರಾತ್ರಿ ಕಳೆಯುತ್ತಿತ್ತು.
ನಡೆದೇ ಹೋಗುತ್ತಿದ್ದೆ, ರಸ್ತೆಯ ಅಂಚಿನಲ್ಲಿ,
ಬಡವ, ಎಲುಬು ಪೂರಾ ಇರುವವ.

ಚೌತಿ ಕಳೆದ ಮೇಲೆ ಸಂಬಳ ಬಿತ್ತು.
ಬೆಳಿಗ್ಗೆ ಡ್ಯೂಟಿ ಮುಗಿಸಿ ಮನೆಗೆ ಹೋಗಿ
ಸ್ಕೂಟರು ತಳ್ಳಿಕೊಂಡು ಬಂಕಿನ ಸಾಲಿಗೆ ನಿಂತೆ.
ಮುಂದಿನವನ ಬೈಕಿಗೆ ನಂಬರಿಲ್ಲ,
ಸೀಟಿನ ಮೇಲೆ ಪ್ಲಾಸ್ಟಿಕ್ಕು ಬಿಸಿಲಿಗೆ ಮಿಂಚುತ್ತಿತ್ತು.
"ಬಂಗುಡೆ ಬಂತಾ?" ಕೇಳಿದೆ.
"ಬಂತು!" ಎಂದು ಹಲ್ಲು ಬಿಟ್ಟು ನಕ್ಕ.

ಅವನ ಹೆಸರು ಕೇಳಲಿಲ್ಲ.
ಹೆಸರು ಕೇಳುವುದು ನನ್ನ ಕೆಲಸ;
ಆಗ ನಾನು ಕೆಲಸದಲ್ಲಿರಲಿಲ್ಲ.