ಗೇಟ್ ಪಾಸಿಗೆ ಇನ್ನೂರ ಆರು ಹೆಸರು

ಜುಬೈಲಿನಲ್ಲಿ ಶಟ್‌ಡೌನ್ ಕಾಲ.
ನಲವತ್ತು ದಿನ ರಿಫೈನರಿ ಬಾಯಿ ತೆರೆದು ಮಲಗಿರುತ್ತದೆ,
ಅದರೊಳಗೆ ಇಳಿಯುವವರ ಲೆಕ್ಕ ನನ್ನದು.
ಪೋರ್ಟಾ ಕ್ಯಾಬಿನ್ನು, ಏಸಿಯ ಕೆಳಗೊಂದು ತೊಟ್ಟಿಕ್ಕುವ ಬಕೆಟ್ಟು.
ರಾತ್ರಿ ಪಾಳಿಯಲ್ಲಿ ಪೈಥಾನ್ ಕಲಿಯುತ್ತೇನೆ,
ಯಾರಿಗೂ ಹೇಳಿಲ್ಲ.

ಬಸ್ಸಿನೊಳಗೆ ರೂಮು, ರೂಮಿನೊಳಗೆ ಮಂಚ,
ಮಂಚಕ್ಕೆ ಮೇಲೊಬ್ಬ ಕೆಳಗೊಬ್ಬ.
ಕ್ಯಾಂಪ್ ಬಾಸ್ ಕೊಟ್ಟ ಪಟ್ಟಿಯೂ ಹಾಗೇ,
ಚೌಕ ಕಂಸದ ಹೊಟ್ಟೆಯಲ್ಲಿ ಚೌಕ ಕಂಸ.
ಗೇಟಿನವನಿಗೆ ಇದೆಲ್ಲ ಬೇಡ.
ಒಂದೇ ಸಾಲು ಸಾಕು, ತಿರುಗಣೆಯಲ್ಲಿ
ಒಬ್ಬೊಬ್ಬರೇ ಹಾಯುವ ಹಾಗೆ.

ಮೊದಲು ಒಂದು ಫಾರ್ ಬರೆದೆ. ಬಸ್ಸು ಒಡೆಯಿತು, ರೂಮು ಉಳಿಯಿತು.
ಇನ್ನೊಂದು ಬರೆದೆ. ರೂಮು ಒಡೆಯಿತು, ಮಂಚ ಉಳಿಯಿತು.
ಮೂರನೆಯದಕ್ಕೆ ಸರಿಹೋಯಿತು ಅಂದುಕೊಂಡರೆ
ಹನ್ನೆರಡನೇ ರೂಮಿನ ಕೆಳಮಂಚದಲ್ಲಿ
ಭಾವ, ಭಾವಮೈದ ಇಬ್ಬರೂ ಒಂದೇ ಕಂಸದೊಳಗೆ:
ಹಾಸಿಗೆ ಒಂದು, ಪಾಳಿ ಎರಡು.
ಒಬ್ಬ ಏಳುವಾಗ ಒಬ್ಬ ಮಲಗುತ್ತಾನೆ, ದಿಂಬು ತಣಿಯುವುದೇ ಇಲ್ಲ.
ಎಷ್ಟು ಆಳ ಅಂತ ಮೊದಲೇ ಯಾರಿಗೆ ಗೊತ್ತಿರುತ್ತದೆ?

ಹಾಗಾಗಿ ತನ್ನನ್ನು ತಾನೇ ಕರೆಯುವ ಫಂಕ್ಷನ್ನು.
ತೆರೆ, ಒಳಗೆ ಇನ್ನೂ ತೆರೆಯುವಂಥದಿದ್ದರೆ
ಮತ್ತೆ ನಿನ್ನನ್ನೇ ಕೂಗು, ಎಂದೆ.
ಮಾತು ಕೇಳಿತು. ಅತಿಯಾಗಿ ಕೇಳಿತು.
ಹೆಸರನ್ನೂ ತೆರೆಯಿತು.
ಕ ತೆರೆದರೆ ಒಳಗೆ ಕ, ಆ ಕ ತೆರೆದರೆ ಮತ್ತೆ ಕ,
ಸಾವಿರ ಮೆಟ್ಟಿಲು ಬಾವಿಗಿಳಿದು ಸೋತು
ಕೆಂಪಕ್ಷರದಲ್ಲಿ ನನ್ನನ್ನೇ ಬೈಯಿತು.

ಒಂಟಿ ಅಕ್ಷರಕ್ಕೆ ನಿಲ್ಲು ಎಂದೆ, ನಿಂತಿತು.
ಸೂಪರ್‌ವೈಸರ್ ಇಣುಕಿದರೂ ಓದದಿರಲಿ ಎಂದು
ಪರೀಕ್ಷೆಯ ಹೆಸರು ಕನ್ನಡದಲ್ಲಿ ಹಾಕಿದ್ದೆ.
ಕಿನ್ನಿಗೋಳಿಯ ಫೋರ್‌ಮನ್ ಗ್ರೇಷಿಯನ್ ಕ್ರಾಸ್ತಾ,
ಎಂಟು ಮಣದ ಆಳು, ತೆರೆಯ ಮೇಲೆ ಚೂರುಚೂರು.
ಕ ಒಂದು ಕಡೆ, ಅದರ ಕಾಲಡಿಯ ಒತ್ತು ಎದ್ದು ಬಂದು
ಇನ್ನೊಂದು ಕಡೆ ಬರಿಯ ರ,
ದೀರ್ಘಕ್ಕೆ ಆತುಕೊಳ್ಳಲು ಯಾರೂ ಸಿಗದೆ
ಚುಕ್ಕಿಚುಕ್ಕಿಯ ಸೊನ್ನೆಯೊಂದನ್ನು ತಬ್ಬಿ ನಿಂತಿದೆ.
ಕಾಗುಣಿತ ಕಲಿಸಿದ ಟೀಚರು ಹೇಳಿರಲಿಲ್ಲ,
ಕೊಂಬು, ಗುಡಿಸು, ತಲೆಕಟ್ಟು
ಹೀಗೆ ಮನೆ ಬಿಟ್ಟು ಬೀದಿಗೆ ಬೀಳಬಹುದೆಂದು.

ಒಂದು ಸಾಲು ಸೇರಿಸಿದೆ:
ಮೊದಲು ಕೇಳು, ನೀನು ಪಟ್ಟಿಯೋ?
ಅಲ್ಲವಾದರೆ ಮುಟ್ಟಬೇಡ, ಇಡಿಯಾಗಿ ದಾಟಿಸು.

ಇನ್ನು ಪೋಣಿಸುವುದು. ಜಾಯಿನ್ ಎಂದೆ, ಒಪ್ಪಲಿಲ್ಲ.
ನೂರ ನಲವತ್ತೊಂದನೆಯದು ಹೆಸರಲ್ಲ, ಅಂಕಿ, ಎಂದಿತು.
4417.
ಅಂಕಿಗೆ ಅಕ್ಷರದ ಅಂಗಿ ತೊಡಿಸಿ ದಾಟಿಸಬಹುದಿತ್ತು,
ಅದಕ್ಕೆ ಮೂರೇ ಅಕ್ಷರ ಸಾಕು.
ಮೆಸ್ಸು, ಕ್ಲಿನಿಕ್ಕು, ಸಂಬಳದ ಸ್ಲಿಪ್ಪು
ಎಲ್ಲವೂ 4417 ಅನ್ನು ಉಂಡು ಅರಗಿಸಿಕೊಂಡಿವೆ,
ಈ ಯಂತ್ರವೊಂದು ಹಟ ಹಿಡಿದು ಕೂತಿದೆ.
ಮೂರು ಗಂಟೆಗೆ ಚಪ್ಪಲಿ ಮೆಟ್ಟಿ
ಇಪ್ಪತ್ತೆಂಟನೇ ರೂಮಿಗೆ ನಡೆದೆ.

ಎದ್ದೇ ಇದ್ದ. ಕವರಾಲ್ ಹಿಂಡುತ್ತ
ಸೋರುವ ಬಕೆಟ್ಟಿಗೆ ಬೈಯುತ್ತಿದ್ದ, ಕನ್ನಡದಲ್ಲಿ.
ನನ್ನ ಹಿಂದಿ ಬಾಯಲ್ಲೇ ಉಳಿಯಿತು.
"ಹುಲಿಗೆಪ್ಪ ರೀ. ಯಾಕ, ಏನಾತು?"

ಕ್ಯಾಬಿನ್ನಿಗೆ ಬಂದು ಒದ್ದೆ ಕೈ ಹಿಂದೆ ಕಟ್ಟಿ ತೆರೆ ನೋಡಿದ.
"ನಡುವ ನಡುವ ಇದೇನ್ರೀ, ಬಾಲದ ಹುಳಾ?"
ಅಲ್ಪವಿರಾಮ, ಎಂದೆ.
"ಅಷ್ಟ ಏನ್ರಿ ನಮಗ ವಿರಾಮ?
ಒಬ್ಬಾಂವ ಮುಗದು ಇನ್ನೊಬ್ಬಾಂವ ಸುರು ಆಗೂದ್ರಾಗ ಇಷ್ಟ?"
ಪೂರ್ಣವಿರಾಮವೂ ಇದೆ, ಎಂದೆ.
"ಅದು ಬ್ಯಾಡ್ರಿ," ಅಂದ ಗಡಬಡಿಸಿ,
"ಶಟ್‌ಡೌನ್ ಒಂದ್ ಮುಗೀಲಿ."

ಹುಲಿಗೆಪ್ಪ ಎಂದು ಟೈಪಿಸಿದೆ. ಪ ತನ್ನ ಒತ್ತನ್ನು ಬಿಡಲಿಲ್ಲ.
ಗೇಟಿಗೆಂದು ಇಂಗ್ಲಿಷಿನಲ್ಲೂ ಒಮ್ಮೆ.
ಈ ಸಲ ಯಂತ್ರ ಸುಮ್ಮನೆ ಒಪ್ಪಿತು:
ಇನ್ನೂರ ಆರು ಜನ, ಒಂದೇ ಎಳೆ,
ಕೊನೆಯ ಟೇಕ್ ಬಹಾದೂರನ ಬೆನ್ನಿಗೆ ಮಾತ್ರ
ಯಾವ ವಿರಾಮವೂ ಇಲ್ಲ.

ನಾಲ್ಕೂ ಹತ್ತಕ್ಕೆ ಬಸ್ಸು ಹಾರ್ನ್ ಹೊಡೆಯಿತು.
ಹಿಂಡಿದ ಕವರಾಲ್ ಒಣಗಿರಲಿಲ್ಲ,
ಹಾಗೇ ತೊಟ್ಟು ಹತ್ತಿದ.