ಹಾಲುದಾನ

ಬೋರ್ಡಿನ ಮೇಲೆ ಹಿತ್ತಾಳೆ ಅಕ್ಷರದಲ್ಲಿ ಹಾಲ್ಡೇನ್ಸ್ ಎಂದಿದೆ.
ಹಲಸೂರಿನ ಗಾಡಿಯವರ ಬಾಯಲ್ಲಿ ಅದು ಹಾಲುದಾನ.
'ಹಾಲುದಾನಕ್ಕೆ ಹೋಗಿ ಬತ್ತೀನಿ' ಎಂದು ಅಪ್ಪ ಎತ್ತು ಕಟ್ಟಿದರೆ
ಆಗಷ್ಟೇ ಮದುವೆಯಾಗಿ ಬಂದ ಅವ್ವ
ಯಾವುದೋ ಛತ್ರವಿರಬೇಕೆಂದು
ದಂಡಿನ ದಿಕ್ಕಿಗೆ ಒಂದು ವರ್ಷ ಕೈ ಮುಗಿದಳಂತೆ.

ಅರವತ್ತಮೂರನೆಯ ವಯಸ್ಸಿಗೆ, ಇವತ್ತು,
ಮುಂಬಾಗಿಲಿಂದ ಒಳಗೆ ಬಂದಿದ್ದೇನೆ.
ಹೊರಗೆ ಮೆಟ್ರೋ ಅಗೆತದ ದೂಳು.
ಒಳಗೆ ಬೀಟೆ ಮರದ ಕಟ್ಟೆ,
ಸಾವಿರ ಮೊಣಕೈ ಉಜ್ಜಿ ಹಳೇಬೆಲ್ಲದ ಬಣ್ಣ.
ಏಳು ನಿಮಿಷ ಹಿಂದಿರುವ ಗಡಿಯಾರ; ಯಾರೂ ತಿದ್ದುವುದಿಲ್ಲ,
ಏಳು ನಿಮಿಷ ಹೆಚ್ಚು ಕೂರಬಹುದಲ್ಲ ಎಂದು.

ಬಿಳಿ ಕೋಟಿನ ಅರುಳ್‌ದಾಸ್ ಬಗ್ಗಿ ಕೇಳಿದ,
'ಏಲ್ ತರಲಾ ಸಾರ್? ನಮ್ಮಲ್ಲಿ ಅದೇ ಫೇಮಸ್ಸು.'
ಏಲಕ್ಕಿ ಹಾಕಿರ್ತಾರಾ ಎಂದು ಕೇಳಲು ಹೊರಟ ನಾಲಿಗೆಯನ್ನು
ಗಂಭೀರವಾಗಿ ಒಳಗೆಳೆದುಕೊಂಡು 'ತಗೊಂಬಾ' ಎಂದೆ.
ಜೇನಿನ ಬಣ್ಣ. ಮೊದಲ ಗುಟುಕು ಕಹಿ,
ಎರಡನೆಯದು ಸುಟ್ಟ ರೊಟ್ಟಿಯ ಅಂಚಿನ ಹಾಗೆ.

ಆಮೇಲೆ ಕಟ್ಲೆಟ್ಟು ಬಂತು.
ರಸ್ಕಿನ ಪುಡಿ ಮೆತ್ತಿದ, ಪುದೀನ ತುಂಬಿದ ಅಂಗೈಯಗಲ.
ಇದನ್ನು ನಾನು ಬಲ್ಲೆ!
ಕೋಳಿಯಂಥಾ ನಿದ್ದೆಯಿಂದ ಎಬ್ಬಿಸಿ ಅಪ್ಪ
ಮುತ್ತುಗದೆಲೆ ಬಿಚ್ಚಿ ಬಾಯಿಗಿಟ್ಟದ್ದು ಇದೇ.
ಹಿಂಬಾಗಿಲ ಮೆಟ್ಟಿಲ ಮೇಲೆ ಕುಶಿನಿಯ ಫಿಲೋಮಿನಮ್ಮ ಕೊಟ್ಟದ್ದರಲ್ಲಿ
ತಾನು ಅರ್ಧ ತಿಂದು, ನನಗರ್ಧ.

'ಹಿಂಬಾಗಿಲು ಇದೆಯಾ ಇನ್ನೂ?
ಮುನೆಲ್ಲಪ್ಪ ಅಂತ, ಪೀಪಾಯಿ ಗಾಡಿ ಹೊಡೀತಿದ್ದರು…'
'ಗೊತ್ತಿಲ್ಲ ಸಾರ್, ನಾನು ಬಂದದ್ದು ಲಾರಿ ಕಾಲಕ್ಕೆ.
ಗೋಡೆ ಇದೆ. ಬೇಕಾದ್ರೆ ನೋಡಿ.'

ನೆಲಮಾಳಿಗೆಯ ತಂಪು, ಹುಳಿಹಿಟ್ಟಿನ ವಾಸನೆ.
ಗೋಡೆ ತುಂಬ ಕೆಮ್ಮಣ್ಣಿನ ಗೀಟು, ಇಳಿಸಿದ ಪೀಪಾಯಿಗಳ ಲೆಕ್ಕ.
ಓದು ಬಾರದವರು ತಲೆಗೊಂದೊಂದು ಗುರುತು ಬರೆದುಕೊಂಡಿದ್ದರು:
ಒಬ್ಬನದು ಮೀನು, ಒಬ್ಬನದು ಶಿಲುಬೆ,
ಮೂಲೆಯಲ್ಲಿ ಒಂದು ಜೊತೆ ಕೊಂಬು.
ಬಲದ್ದು ತುಸು ಮುರಿದಿದೆ, ನಮ್ಮ ಕೆಂದನದರ ಹಾಗೆಯೇ.
ಕೊಂಬಿನ ಕೆಳಗೆ ಗೀಟು, ಗೀಟು, ಗೀಟು,
ನಾನೂರ ಹನ್ನೊಂದರ ತನಕ ಎಣಿಸಿದೆ.
ನಡುವೆ ಒಂದೇ ಒಂದು ಸೊನ್ನೆ.

'ಅದಾ? ಒಡೆದ ಪೀಪಾಯಿ ಸಾರ್. ಆವತ್ತಿನ ಕೂಲಿ ಕಟ್ಟು.'

ನಾನು ಹುಟ್ಟಿದ ರಾತ್ರಿ
ಅಡಿಯಿಂದ ಮುಡಿಯವರೆಗೆ ಬೀರು ನಾರುತ್ತ ಬಂದನಂತೆ ಅಪ್ಪ.
ಮೂರು ದಿನ ಅವ್ವ ಮಾತಾಡಲಿಲ್ಲ, ಮಗು ಮುಟ್ಟಗೊಡಲಿಲ್ಲ.
ಆಮೇಲೂ ಉಪ್ಪು ಹೆಚ್ಚಾದರೆ, ಕೊಡೆ ಕಳೆದರೆ,
'ಹೆರಿಗೆ ದಿನವೇ ಕುಡಿದು ಬಂದೋನಲ್ವಾ ನೀನು?'
ಅಪ್ಪನದು ಸಾಯುವವರೆಗೆ ಒಂದೇ ಉತ್ತರ:
'ಕುಡಿದದ್ದಲ್ಲ ಕಣೇ, ನೆಂದದ್ದು.'

ಸೊನ್ನೆಗೆ ತಾರೀಖಿಲ್ಲ.
ಮೂವತ್ತೆಂಟು ವರ್ಷ ಅಂಚೆಯ ಮೊಹರು ಒತ್ತಿದವನು ನಾನು,
ತಾರೀಖಿಲ್ಲದ್ದನ್ನು ಯಾವತ್ತೂ ಮುಂದೆ ಕಳಿಸಿದವನಲ್ಲ.
ಆದರೂ ಬೆರಳಿಟ್ಟು ನೋಡಿದೆ. ಕೆಂಪು ಅಂಟಿತು.

ಮೇಲೆ ಬಂದರೆ ನೊರೆ ಇಳಿದಿತ್ತು. ಕುಡಿದು ಮುಗಿಸಿದೆ,
ಇನ್ನೊಂದು ಕಟ್ಲೆಟ್ ಕಟ್ಟಿಸಿಕೊಂಡೆ.

ಅವ್ವನಿಗೆ ಎಂಬತ್ತೆರಡು. ಕಣ್ಣು ಮಂಜು, ಮೂಗು ಮಾತ್ರ ಚುರುಕು.
ಸೊನ್ನೆಯ ಕತೆ ಪೂರ್ತಿ ಕೇಳಿದಳು,
ನನ್ನ ಬೆರಳು ಹಿಡಿದು ತನ್ನ ಸೆರಗಿಗೆ ಒರೆಸಿಕೊಂಡಳು.
ಎಷ್ಟೋ ಹೊತ್ತಾದ ಮೇಲೆ,
'ಮತ್ತೆ ನಿಂದು? ನೆಂದದ್ದಾ, ಕುಡಿದದ್ದಾ?'

'ಕುಡಿದದ್ದು ಅವ್ವ.'

'ಹೂಂ,' ಎಂದು ಪೊಟ್ಟಣಕ್ಕೆ ಕೈ ಚಾಚಿದಳು,
ಅರ್ಧ ಮುರಿದು ನನಗೆ ಕೊಟ್ಟಳು.