ಹಾಜರಿ

ಗಂಜಿ ಬೆಲ್ಲಿಗೆ ಇನ್ನೂ ಹತ್ತು ನಿಮಿಷವಿತ್ತು.
ಐತಪ್ಪ ಗೇಟಿನ ಹೊರಗೆ ಟಿಪ್ಪರ್ ನಿಲ್ಲಿಸಿ
ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದು
ಅಂಗಳಕ್ಕೆ ಬಂದ. ಚಪ್ಪಲಿ ಹೊರಗೇ ಬಿಟ್ಟಿದ್ದ,
ಹರಕೆಗೆ ಬಂದವನ ಹಾಗೆ.

"ಟೀಚರ್, ನೀವೊಮ್ಮೆ ಹತ್ತಿ ನೋಡಬೇಕು.
ಕಾಣಲಿಲ್ಲ ಅಂದೆ. ಯಾರೂ ನಂಬಲಿಲ್ಲ.
ನೀವೂ."

ಹೌದು, ನಾನೂ.
ಬದಿಯಡ್ಕದ ಸ್ಟೇಷನ್ನಿನಲ್ಲಿ
ಮಲಯಾಳದಲ್ಲಿ ಬರೆದುಕೊಂಡ ಹೇಳಿಕೆಗೆ
ಕನ್ನಡದಲ್ಲಿ ಸಹಿ ಹಾಕಿದವಳು ನಾನು:
ಹಾಡುಹಗಲು, ನೇರ ರಸ್ತೆ, ಬಿಳಿ ರಿಬ್ಬನು,
ಕಾಣದಿರಲು ಅವನೇನು ಕುರುಡನೇ?

ಇದು ಆ ಲಾರಿಯಲ್ಲ. ಅದು ಸ್ಟೇಷನ್ ಹಿಂದೆ
ಬಳ್ಳಿ ಹಬ್ಬಿಸಿಕೊಂಡು ಕೇಸು ಕಾಯುತ್ತಿದೆ.
ಇದು ಅದರ ತಮ್ಮ. ಅಣ್ಣನಿಗಿಂತ ಗೇಣುದ್ದ ಹೆಚ್ಚು,
ಹನ್ನೆರಡು ಚಕ್ರ, ಹೊಟ್ಟೆ ತುಂಬ ಕೆಂಪುಕಲ್ಲು,
ಹಣೆಯ ಮೇಲೆ ಹಳದಿ ಬಣ್ಣದಲ್ಲಿ 'ಅಮ್ಮನ ಆಶೀರ್ವಾದ'.

ಹತ್ತುವುದೇ ಒಂದು ಕೆಲಸ. ಸೆರಗು ಸೊಂಟಕ್ಕೆ ಸಿಕ್ಕಿಸಿ
ಮೂರು ಮೆಟ್ಟಿಲು, ಒಂದು ಸರಳು.
ಮೇಲೆ ಕೂತಾಗ, ಹೇಳಲು ನಾಚಿಕೆ, ಹಿತವಾಯಿತು.
ಪದವು ಪೂರಾ ಕಾಣುತ್ತದೆ: ಗೇರುಮರಗಳ ನೆತ್ತಿ,
ಕಲ್ಲು ಕೊರೆದು ಬಿಟ್ಟ ಚೌಕ ಹೊಂಡಗಳು,
ಪೆರ್ಲದ ಕಡೆಗಿಳಿಯುವ ತಿರುವು,
ಯಾರದೋ ತಾರಸಿಯಲ್ಲಿ ಒಣಗುವ ಹಪ್ಪಳ ಸಹ.
ಇಷ್ಟೆಲ್ಲ ಕಾಣುವವನಿಗೆ
ಏನೋ ಕಾಣುತ್ತಿಲ್ಲವೆಂದು
ಅನಿಸುವುದಾದರೂ ಹೇಗೆ?

ಅಡುಗೆಯ ಸುಮಿತ್ರಕ್ಕ ಸೌಟು ಕೈಯಲ್ಲಿರುವಂತೆಯೇ
ಮಕ್ಕಳನ್ನು ಕರೆತಂದಳು. ಒಂದರಿಂದ ನಾಲ್ಕು,
ಎಲ್ಲ ಸೇರಿ ಇಪ್ಪತ್ತೆರಡು.
ಗೇಟಿನ ಬಳಿ ಎಲ್ಲರೂ ಇದ್ದರು.
ಹತ್ತಿರ ಬಂದಂತೆ
ಕಾಲು ಹೋಯಿತು, ಚಡ್ಡಿಯ ಬಕಲು ಹೋಯಿತು,
ಗಲ್ಲ ಹೋಯಿತು.
ನಾಲ್ಕನೆಯ ಅಂಗಾರನ ಕೆದರಿದ ಕೂದಲು
ಗಾಜಿನಂಚಿನಲ್ಲಿ ತುಸು ಹೊತ್ತು ತೇಲಿ
ಅದೂ ಮುಳುಗಿತು.

ರಸ್ತೆ ಖಾಲಿ. ಗುಡಿಸಿಟ್ಟಷ್ಟು ಖಾಲಿ.

ಏನು ಮಾಡಬೇಕೆಂದು ತೋಚದೆ ಹಾಜರಿ ಕರೆದೆ.
ಶಿಫಾನ. "ಹಾಜರ್ ಟೀಚರ್."
ಮನ್ವಿತ್. "ಹಾಜರ್ ಟೀಚರ್."
ತಗಡಿನಡಿಯಿಂದ, ಬಾವಿಯೊಳಗಿಂದ ಬಂದಂತೆ
ಒಂದೊಂದೇ ಸ್ವರ, ಮುಖವಿಲ್ಲದೆ.
ಯಾರೋ ನಕ್ಕರು. ಅವರಿಗಿದು ಕಣ್ಣಾಮುಚ್ಚಾಲೆ.
ಹತ್ತಾಯಿತು. ನಾಲಗೆ ರೂಢಿಯಂತೆ
ಹನ್ನೊಂದನ್ನು ಹಾರಿ ಹನ್ನೆರಡಕ್ಕಿಳಿಯಿತು.
ಹನ್ನೊಂದು, ಜೊವಿಟಾ ಕ್ರಾಸ್ತಾ,
ಎರಡನೇ ಕ್ಲಾಸು.

ಆ ಸೀಟಿನಿಂದ ನೋಡಿದರೆ
ಅವಳಿಗೂ ಇವರಿಗೂ
ಏನೂ ವ್ಯತ್ಯಾಸವಿರಲಿಲ್ಲ.

"ನೀನಂದದ್ದು ಸುಳ್ಳಲ್ಲ ಐತಪ್ಪ," ಅಂದೆ.
ಅವನು ತಲೆಯೆತ್ತಲಿಲ್ಲ.
"ಕಾಣುವುದಿಲ್ಲವೆಂದು ಮೊದಲೇ ಗೊತ್ತಿತ್ತಾ?"
ಕೀಲಿ ಈ ಕೈಯಿಂದ ಆ ಕೈಗೆ ಹೋಯಿತು.
"ಎಲ್ಲರಿಗೂ ಗೊತ್ತು ಟೀಚರ್. ಮಾಡಿದವರಿಗೆ, ಮಾರಿದವರಿಗೆ.
ದಿನಕ್ಕೆ ಹದಿನಾರು ಟ್ರಿಪ್ಪು. ಪ್ರತಿ ಸಲ ಇಳಿದು
ಎದುರಲ್ಲಿ ಯಾರಿದ್ದಾರೆಂದು ನೋಡಿ ಹತ್ತಿದರೆ..."
ಮಾತು ಮುಗಿಸಲಿಲ್ಲ. ನಾನೂ ಒತ್ತಾಯಿಸಲಿಲ್ಲ.
ಕ್ಷಮಿಸಿದೆನೋ ಇಲ್ಲವೋ ಈಗಲೂ ಗೊತ್ತಿಲ್ಲ.
ಕ್ಷಮಿಸಲು ನಾನು ಯಾರು, ಅವಳ ತಾಯಿಯೇ?

ಸುಮಿತ್ರಕ್ಕನ ಸೌದೆಕೋಲಿನಲ್ಲಿ
ಗಾಜಿನ ಕೆಳಂಚು ಅಳೆದು
ಅದೇ ಅಳತೆಗೆ ಕ್ಲಾಸಿನ ಗೋಡೆಯಲ್ಲಿ
ಸೀಮೆಸುಣ್ಣದ ಗೆರೆ ಎಳೆದೆವು.
ಪ್ರತಿ ಜೂನಿನಲ್ಲಿ ಮಕ್ಕಳ ಎತ್ತರ ಗುರುತಿಸುವ ಗೋಡೆ ಅದು.
ಕೆಳಗೆ ಎಲ್ಲೋ, ಬೆಂಚಿನ ಬೆನ್ನಿಗಿಂತ ತುಸು ಮೇಲೆ
ಹಸಿರು ಬಣ್ಣದಲ್ಲಿ ಒಂದು 'ಜೊ'.

ಅಂಗಾರ ತುದಿಗಾಲಲ್ಲಿ ನಿಂತ. ಸಾಲಲಿಲ್ಲ.
ಕೈ ಚಾಚಿದ. ಗೆರೆ ದಾಟಿ ನಾಲ್ಕು ಬೆರಳು.
"ಕೈ ಎತ್ತಿಕೊಂಡು ದಾಟಿದರೆ ಸಾಕಾ ಟೀಚರ್?"

ಶಾಲೆ ಬಿಡುವ ಹೊತ್ತಿಗೆ ಟಿಪ್ಪರ್ ಓಡಬಾರದೆಂಬ
ಬೋರ್ಡಿದೆ ನಮ್ಮ ತಿರುವಿನಲ್ಲಿ,
ಅರ್ಧ ಧೂಳು, ಅರ್ಧ ಸಿನಿಮಾ ಪೋಸ್ಟರು.
ಅದರ ಬುಡದಿಂದಲೇ ಈಗ ನಾಲ್ಕು ಗಂಟೆಗೆ
ಇಪ್ಪತ್ತೆರಡು ಮಕ್ಕಳು ಸಾಲಾಗಿ
ಎರಡೂ ಕೈ ಮೇಲೆತ್ತಿ ದಾಟುತ್ತಾರೆ,
ತಪ್ಪು ಮಾಡಿ ಶಿಕ್ಷೆಗೆ ನಿಂತವರ ಹಾಗೆ.

ಹತ್ತೊಂಬತ್ತು ವರ್ಷದಲ್ಲಿ
ಒಂದು ಮಗುವನ್ನೂ ಕೈ ಎತ್ತಿ
ನಿಲ್ಲಿಸಿದವಳಲ್ಲ ನಾನು.